ನಿನ್ನೆ ರಾತ್ರಿ ಇಲ್ಲಿ ಮಲಗಿದವರು

ಸತ್ತವರನ್ನು ಸತ್ತ ಮೇಲೆ ದೊಡ್ಡವರನ್ನಾಗಿ ಮಾಡುವುದು ನಮ್ಮೂರಿನ ಚಾಳಿ. ಮಾಷ್ಟ್ರು ತ್ಯಾಗ ಮಾಡಿ ಶಾಲೆ ಉಳಿಸಿದರು ಅಂತ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು. ತ್ಯಾಗವೂ ಇಲ್ಲ, ಮಣ್ಣೂ ಇಲ್ಲ. ನಡೆದದ್ದು ಇಷ್ಟೇ: ಶಾಲೆಗೆ ಮಕ್ಕಳಿರಲಿಲ್ಲ, ನನ್ನ ಗದ್ದೆಯಲ್ಲಿ ಸಸಿ ನೆಡುವ ನೆಟ್ಟಿಗೆ ಆಳುಗಳಿರಲಿಲ್ಲ, ನನ್ನ ಮನೆಯ ಅರ್ಧ ಕೋಣೆಗಳಿಗೆ ಬೀಗ ಬಿದ್ದಿತ್ತು. ಮಾಷ್ಟ್ರು ಈ ಮೂರನ್ನೂ ಒಟ್ಟಿಗೆ ಕಂಡರು. ನಾವು ದಿನಾ ನೋಡುತ್ತಿದ್ದವರು ಬೇರೆಬೇರೆಯಾಗಿ ನೋಡಿ ಸುಮ್ಮನಿದ್ದೆವು.

ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಮುಖ ಅಲ್ಲ, ಕಂಕುಳು. ಅವರ ಊರಿನ ಕಡೆಯ ದಪ್ಪ ಚರ್ಮದ ಚಪ್ಪಲಿ ಒಂದು ಜೊತೆ ಇತ್ತು. ನಡೆದರೆ ಜೀರ್ ಜೀರ್ ಎನ್ನುವುದು. ಮಳೆ ಬಿತ್ತೆಂದರೆ ಅವನ್ನು ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಪಂಚೆ ಮೊಣಕಾಲಿಗೆ ಎತ್ತಿ, ಗದ್ದೆಯ ಅಂಚಿನ ಮೇಲೆ ಬರಿಗಾಲಲ್ಲಿ ಬರುತ್ತಿದ್ದರು. ಕೊಡೆ ಹಿಡಿಯುತ್ತಿದ್ದದ್ದು ಚಪ್ಪಲಿ ಇದ್ದ ಬದಿಗೆ. ತಲೆ ಒದ್ದೆ, ಚಪ್ಪಲಿ ಬೆಚ್ಚಗೆ.

"ಮಾಷ್ಟ್ರೇ, ತಲೆಗಿಂತ ಮೆಟ್ಟೇ ಹೆಚ್ಚಾ ನಿಮ್ಗೆ?" ಅಂತ ನಾನು ಕೇಳಿದ್ದೆ.

"ತಲಿ ಒರಸಿದ್ರ ಒಣಗತೈತ್ರಿ ಅಕ್ಕಾರ. ಇದು ಈ ಮಳಿಯಾಗ ಹಸಿ ಆದ್ರ ದೀಪಾವಳಿಗೇ ಒಣಗೋದು" ಅಂದರು.

ಬಾಗಲಕೋಟೆ ಬದಿಯವರು. ಕೊಕ್ಕರ್ಣೆಯಿಂದ ಒಳಗಿರುವ ನಮ್ಮ ಹಳ್ಳಿಯ ಶಾಲೆಗೆ ಬಂದಾಗ ಮೀಸೆ ಕಪ್ಪಿತ್ತು. ಮದುವೆಯಾಗಲಿಲ್ಲ. ಯಾಕೆ ಅಂತ ಊರಿನ ಹೆಂಗಸರೆಲ್ಲ ಕೇಳಿದರು, ನಾನು ಕೇಳಲಿಲ್ಲ. ನಮ್ಮ ಕುಚ್ಚಲಕ್ಕಿ ಗಂಜಿ ಕಂಡರೆ ಅವರಿಗೆ ಅಳು ಬರುತ್ತಿತ್ತು. ಊರಿಂದ ಜೋಳದ ಕಾಳು ತಂದು ಶಾಲೆಯ ಹಿಂದೆ ಬಿತ್ತಿದರು. ಬೇಡ ಮಾಷ್ಟ್ರೇ ಅಂದರೆ ಕೇಳಲಿಲ್ಲ. ಜೋಳ ಆಳೆತ್ತರ ಎದ್ದಿತು, ನೋಡಲು ಚೆಂದ. ತೆನೆ ಕಟ್ಟುವ ಹೊತ್ತಿಗೆ ಮಳೆ ಜಡಿಯಿತು, ತೆನೆಯೆಲ್ಲ ಕಪ್ಪಾಗಿ ಕೊಳೆತು ತಲೆ ಬಗ್ಗಿಸಿತು. ಮಾಷ್ಟ್ರು ಬೇಲಿಯ ಹತ್ತಿರ ನಿಂತು ನೋಡಿದರು.

"ಜೋಳಕ್ಕ ಈ ಊರು ಆಗಂಗಿಲ್ಲ" ಅಂದರು. ಕೊಳೆತ ತೆನೆಯೊಂದನ್ನು ಮುರಿದು ಎಸೆದು, "ನನಗ ಆದೀತು" ಅಂದರು. ಆವತ್ತಿನಿಂದ ಗಂಜಿ ಉಣ್ಣಲು ಶುರು ಮಾಡಿದರು. ಉಪ್ಪಿನಕಾಯಿ ಮಾತ್ರ ನನ್ನ ಭರಣಿಯಿಂದ.

ಅವರ ಜತೆ ನನ್ನ ಮೊದಲ ಜಗಳ ಜನಗಣತಿಯದು. ಮನೆಮನೆಗೆ ಹೋಗಿ ತಲೆ ಎಣಿಸುವ ಕೆಲಸ ಮಾಷ್ಟ್ರುಗಳ ಕುತ್ತಿಗೆಗೇ ಅಲ್ಲವೇ ಬೀಳುವುದು. ಜಗಲಿಯಲ್ಲಿ ಕೂತು ಕೇಳಿದರು, "ಮನ್ಯಾಗ ಎಷ್ಟ್ ಮಂದಿ ಅದೀರಿ?"

ನಮ್ಮದು ಅಳಿಯಕಟ್ಟಿನ ಮನೆ. ಮನೆ ಅಂದರೆ ತಾಯಿಯ ಮನೆ. ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದವರೆಲ್ಲ ಆ ಮನೆಯವರು, ಮುಂಬಯಿಯಲ್ಲಿರಲಿ, ಸಮುದ್ರದಾಚೆ ಇರಲಿ. ನಾನು ಹಾಗೆಯೇ ಹೇಳಿದೆ. ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದ ತಮ್ಮನನ್ನು ಹೇಳಿದೆ, ಪುಣೆಯಲ್ಲಿದ್ದ ತಂಗಿಯನ್ನು, ಅವಳ ಮಕ್ಕಳನ್ನು ಹೇಳಿದೆ. ಮಾಷ್ಟ್ರ ಕಣ್ಣು ಬೀಗ ಹಾಕಿದ ಕೋಣೆಗಳ ಮೇಲೆ ಹೋಯಿತು.

"ಇವ್ರೆಲ್ಲ ಎಲ್ಲದಾರ?"

"ಅವ್ರವ್ರ್ ಕೆಲ್ಸದಲ್ಲಿತ್ರ್. ಕೋಣೆ ಕಾಣಿ, ಹಾಂಗೇ ಇತ್ತ್."

"ಅಕ್ಕಾರ, ನಿನ್ನೆ ರಾತ್ರಿ ಇಲ್ಲಿ ಮಲಗಿದವ್ರು ಯಾರು? ಅಷ್ಟ ಹೇಳ್ರಿ."

ನನಗೆ ಸಿಟ್ಟು ಬಂತು. "ಎಂತ ಮಾರಾಯ್ರೆ, ಮಲ್ಗುದ್ರ್ ಮೇಲೆ ಮನೆಯವ್ರ್ ಅಂದೇಳಿ ಆತ್ತಾ? ನಿನ್ನೆ ನಮ್ಮ ಜಗಲಿ ಮೇಲೆ ಯಾರ್ದೋ ನಾಯಿ ಮಲ್ಗಿತ್. ಅದನ್ನೂ ಬರ್ಕಣಿ!"

ಮಾಷ್ಟ್ರು ನಕ್ಕುಬಿಟ್ಟರು. ಆಮೇಲೆ ಸಮಾಧಾನದಲ್ಲಿ ಹೇಳಿದರು. ಕೋಣೆ ಉಣ್ಣುವುದಿಲ್ಲ, ಕೋಣೆಗೆ ಜ್ವರ ಬರುವುದಿಲ್ಲ, ಕೋಣೆಗೆ ಶಾಲೆ ಬೇಡ, ಬಸ್ಸು ಬೇಡ. ಇರುವವರನ್ನು ಎಣಿಸಿದರೆ ಮಾತ್ರ ಇರುವವರಿಗೆ ಏನು ಬೇಕು ಅಂತ ತಿಳಿಯುತ್ತದೆ ಅಂತ. ಮಾತು ಸರಿಯಾಗಿತ್ತು. ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಮಜ್ಜಿಗೆ ಕೊಟ್ಟು ಕಳಿಸಿದೆ.

ನಮ್ಮ ಮನೆಯ ಬೇಲಿ ದಾಟಿದರೆ ಶಾಲೆಯ ಅಂಗಳ. ಹಾಗಾಗಿ ಅವರು ಕಲಿಸುತ್ತಿದ್ದದ್ದು ನನ್ನ ಕಿವಿಗೂ ಬೀಳುತ್ತಿತ್ತು. ನಾನು ನಾಲ್ಕನೇ ಕ್ಲಾಸಿಗೇ ನಿಲ್ಲಿಸಿದವಳು. ಆಮೇಲೆ ಕಲಿತದ್ದೇನಾದರೂ ಇದ್ದರೆ ಬೇಲಿಯಾಚೆಯಿಂದ. ಒಂದು ದಿನ ಅಂಗಳದಲ್ಲಿ ಕೋಲಿನಿಂದ ದೊಡ್ಡ ಚೌಕ ಎಳೆದಿದ್ದರು. "ಇದು ನಮ್ಮೂರು" ಅಂದರು. ಮಕ್ಕಳಲ್ಲಿ ಕೆಲವರನ್ನು ಒಳಗೆ ನಿಲ್ಲಿಸಿದರು. ಒಬ್ಬ ಕುಪ್ಪಳಿಸಿ ಒಳಗೆ ಬಂದರೆ ಹುಟ್ಟಿದ. ಒಬ್ಬ ಚೀಲ ಹೆಗಲಿಗೇರಿಸಿ ಹೊರಗೆ ಹೋದರೆ ಬೊಂಬಾಯಿಗೆ ಹೋದ. ಒಬ್ಬ ತಲೆಯ ಮೇಲೆ ಬುಟ್ಟಿ ಹೊತ್ತು ಬಂದರೆ ಕೆಲಸ ಹುಡುಕಿ ಬಂದ. ಪ್ರತಿ ಸಲವೂ ಎಣಿಸಬೇಕು, ಯಾಕೆ ಹೋದ, ಯಾಕೆ ಬಂದ ಅಂತ ಹೇಳಬೇಕು. ಆಟ ಚೆನ್ನಾಗಿಯೇ ಇತ್ತು. ನೋಡುತ್ತೇನೆ, ನನ್ನ ಮೊಮ್ಮಗಳು ಚೌಕದ ಮಧ್ಯೆ ನಾಲಿಗೆ ಹೊರಗೆ ಹಾಕಿ ಅಂಗಾತ ಬಿದ್ದಿದ್ದಾಳೆ.

"ಹ್ವಾಯ್! ಎಂತ ಆಯ್ತ್ ಹೆಣ್ಣಿಗೆ?"

"ಅಜ್ಜೀ, ನಾನ್ ಸತ್ತದ್ದ್!" ಅಂತ ಮಲಗಿದಲ್ಲಿಂದಲೇ ಕೂಗಿದಳು.

"ಬಿಡ್ತು ಅನ್ನೆ! ಮಾಷ್ಟ್ರೇ, ಊರ್ ಮಕ್ಕಳನ್ನ ಕೊಲ್ಲುಕೆ ಸಂಬ್ಳ ಕೊಡ್ತ್ರಾ ನಿಮ್ಗೆ?"

"ಯಾರಾದ್ರೂ ಸಾಯ್ಲೇ ಬೇಕಲ್ಲ ಅಕ್ಕಾ. ಇಲ್ದಿದ್ರೆ ಲೆಕ್ಕ ತಪ್ತದೆ."

"ಹಾಂಗಾರೆ ನೀವೇ ಸಾಯಿನಿ ಕಾಂಬ!"

ಮಾಷ್ಟ್ರು ಚಪ್ಪಲಿ ಕಳಚಿಟ್ಟು ಚೌಕದೊಳಗೆ ಹೋಗಿ ಮಣ್ಣಿನಲ್ಲಿ ಮಲಗಿಯೇ ಬಿಟ್ಟರು. ಮಕ್ಕಳು ನಕ್ಕು ನಕ್ಕು ಊರೆಲ್ಲ ಕೇಳುವ ಹಾಗೆ ಎಣಿಸಿದರು. ಎದ್ದು ಬೆನ್ನು ಕೊಡವಿಕೊಳ್ಳುತ್ತಾ ನನಗೆ ಹೇಳಿದರು, "ಹುಟ್ಟೂದು, ಸಾಯೂದು, ಬಪ್ದು, ಹೋಪ್ದು. ಊರು ಅಂದ್ರೆ ಈ ನಾಲ್ಕೇ ಅಕ್ಕಾ. ಮಿಕ್ಕಿದ್ದೆಲ್ಲ ಮಾತು." ಅಷ್ಟರಲ್ಲಿ ಅವರ ನಾಲಿಗೆಯೂ ಅರ್ಧ ನಮ್ಮದಾಗಿತ್ತು.

ಆವತ್ತು ಬೇಲಿಯ ಹೊರಗೆ ನಿಂತು ಆಟ ನೋಡುತ್ತಿದ್ದವಳು ಇನ್ನೊಬ್ಬಳಿದ್ದಳು. ಕೆಂಪು ಧೂಳು ಮೆತ್ತಿದ ಕೂದಲು, ಕಂಕುಳಲ್ಲಿ ತಮ್ಮ. ಗುಡ್ಡೆಯ ಮೇಲೆ ಮುರಕಲ್ಲಿನ ಕೋರೆ ಶುರುವಾಗಿತ್ತು. ಮನೆ ಕಟ್ಟುವ ಕೆಂಪು ಕಲ್ಲು ಕಡಿಯಲು ಗಂಡ ಹೆಂಡತಿ ಮಕ್ಕಳು ಸಮೇತ ಬಂದವರು ತಗಡಿನ ಶೆಡ್ಡುಗಳಲ್ಲಿದ್ದರು. ಹೆಚ್ಚಿನವರು ಮಾಷ್ಟ್ರ ಸೀಮೆಯವರೇ. ಮಾಷ್ಟ್ರು ಹೋಗಿ ಮಕ್ಕಳನ್ನು ಕಳಿಸಿ ಅಂದರೆ ಆ ಹುಡುಗಿಯ ತಾಯಿ, "ಇದೇನ್ ನಮ್ಮ ಊರೇನ್ರಿ ಸರ, ಇವತ್ತ ಇದ್ದು ನಾಳೆ ಹೋಗೋ ಮಂದಿ ನಾವು" ಅನ್ನುತ್ತಿದ್ದಳಂತೆ. ಹಾಗೆ ಅನ್ನುತ್ತಲೇ ಅವರು ಬಂದು ವರ್ಷಗಳಾಗಿದ್ದವು. ಹುಡುಗಿ ನಮ್ಮ ಮಕ್ಕಳಿಗಿಂತ ಚೊಕ್ಕವಾಗಿ ಕುಂದಾಪುರದ ಮಾತಾಡುತ್ತಿದ್ದಳು.

ಶಾಲೆ ಬಡವಾಗುತ್ತಾ ಬಂತು. ಯಾರೂ ಏನೂ ಮಾಡಲಿಲ್ಲ, ಅದರಷ್ಟಕ್ಕೆ ಆಯಿತು. ನನ್ನ ಅಮ್ಮ ಮನೆ ತುಂಬ ಹೆತ್ತಳು, ನಾನು ಇಬ್ಬರಿಗೆ ನಿಲ್ಲಿಸಿದೆ, ಗೇರುಬೀಜದ ಫ್ಯಾಕ್ಟರಿಗೆ ಹೋಗುವ ನನ್ನ ಮಗಳು ಒಂದೇ ಸಾಕು ಅಂದಳು. ಗಂಡಸರು ಹೋಟೆಲುಗಳಿಗೆ ಹೋದರು, ಆಮೇಲೆ ಹೆಂಡಿರನ್ನೂ ಕರೆಸಿಕೊಂಡರು. ಉಳಿದ ಮಕ್ಕಳನ್ನು ಬೆಳಿಗ್ಗೆ ಹಳದಿ ವ್ಯಾನು ಬಂದು ಇಂಗ್ಲಿಷ್ ಶಾಲೆಗೆ ತುಂಬಿಕೊಂಡು ಹೋಯಿತು. ಇಷ್ಟು ಕಡಿಮೆ ಮಕ್ಕಳಿದ್ದರೆ ಮಳೆಗಾಲದಲ್ಲಿ ಬಂದು ನೋಡಿ ಮುಚ್ಚುತ್ತೇವೆ, ಇದ್ದವರು ಹೊಳೆಯಾಚೆಯ ಶಾಲೆಗೆ ಹೋಗಲಿ ಅಂತ ಮೇಲಿನಿಂದ ಮಾತು ಬಂತು. ಹೊಳೆ ದಾಟಲು ಇದ್ದದ್ದು ಅಡಿಕೆ ಮರ ಅಡ್ಡ ಹಾಕಿದ ಸಂಕ. ಆಸಾಡಿಯ ಮಳೆಯಲ್ಲಿ ಆ ಸಂಕದ ಮೇಲೆ ದೊಡ್ಡವರೇ ಹೋಗುವುದಿಲ್ಲ. ನನ್ನ ಮೊಮ್ಮಗಳು ಹೋಗಬೇಕಿತ್ತು.

ಬೇಸಿಗೆ ರಜೆಗೆ ಮೊದಲು ಮಾಷ್ಟ್ರು ಸಭೆ ಕರೆದರು. ಪ್ರತಿ ಮನೆಯಲ್ಲಿ ಶಾಲೆಗೆ ಹೋಗುವ ವಯಸ್ಸಿನವರು ಯಾರಿದ್ದಾರೆ ಅಂತ ಕೇಳಿದರು. ನಮ್ಮವರ ಎದೆ ಉಬ್ಬಿತು. "ಮಕ್ಳಿಗೆ ಬರಗಾಲವಾ ಮಾಷ್ಟ್ರೇ!" ಅಂತ ಒಬ್ಬೊಬ್ಬರೂ ಹೇಳಿದ್ದೇ ಹೇಳಿದ್ದು. ನಾನೂ ಹೇಳಿದೆ, ಪುಣೆಯ ತಂಗಿಯ ಮಗಳ ಮಕ್ಕಳನ್ನು. ಸುಳ್ಳು ಹೇಳುತ್ತಿದ್ದೇವೆ ಅಂತ ಯಾರಿಗೂ ಅನ್ನಿಸಲಿಲ್ಲ. ಮನೆಯ ಮಕ್ಕಳೇ ತಾನೇ. ಮಾಷ್ಟ್ರು ತಮ್ಮ ಪ್ರಶ್ನೆಯನ್ನು ಆವತ್ತು ಕೇಳಲಿಲ್ಲ. ನಮ್ಮೊಳಗೆ ಇದ್ದೂ ಇದ್ದೂ ಅವರೂ ನಮ್ಮ ಹಾಗೆಯೇ ಎಣಿಸಲು ಕಲಿತಿದ್ದರು ಅಂತ ಕಾಣುತ್ತದೆ. ಮಕ್ಕಳು ಬರುತ್ತಾರೆ ಅಂತ ನಂಬಿ ಗೋಡೆಗೆ ಸುಣ್ಣ ಹೊಡೆಸಿದರು.

ಶಾಲೆ ಶುರುವಾದ ದಿನ ಬಾಗಿಲಿಗೆ ಮಾವಿನ ಎಲೆ ಕಟ್ಟಿ ನಿಂತಿದ್ದರು. ನನ್ನ ಮೊಮ್ಮಗಳು, ಇನ್ನು ಬೆರಳೆಣಿಕೆಯ ಮಕ್ಕಳು. ಅಷ್ಟೇ. ಮಾಷ್ಟ್ರು ಮಧ್ಯಾಹ್ನದವರೆಗೆ ಬಾಗಿಲಲ್ಲೇ ಇದ್ದರು. ಆಮೇಲೆ ಮಳೆ ಹಿಡಿಯಿತು. ಚಪ್ಪಲಿ ಕಂಕುಳಿಗೆ ಸಿಕ್ಕಿಸಿ ಗುಡ್ಡೆ ಹತ್ತಿದರು.

ಹೋಗಿ ನೋಡಿದರೆ ಅಲ್ಲಿ ಗಂಟು ಕಟ್ಟುತ್ತಿದ್ದರು. ಮಳೆ ಬಿದ್ದರೆ ಕೋರೆಯಲ್ಲಿ ನೀರು, ಕೆಲಸ ಬಂದ್. ಗಂಡಸರು ಊರಿಗೆ ಹೋಗಿ ಬಿತ್ತನೆ ಮಾಡಿ, ಮಳೆ ಬಿಟ್ಟ ಮೇಲೆ ಬರುವುದು. ಅವರ ಹಿಂದೆ ಹೆಂಗಸರು ಮಕ್ಕಳು. ಶಾಲೆಯ ಬಾಗಿಲು ತೆರೆಯುವುದೂ ಅವರು ಹೊರಡುವುದೂ ಪ್ರತಿ ವರ್ಷ ಒಂದೇ ವಾರ. ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಆ ಹುಡುಗಿ ಗಂಟಿನ ಮೇಲೆ ಕೂತು, "ನಾನ್ ಹೋಪ್ದಿಲ್ಲ, ನಾನ್ ಹೋಪ್ದಿಲ್ಲ" ಅಂತ ಹಟ ಹಿಡಿದಿದ್ದಳಂತೆ. ತಾಯಿ ಮಾಷ್ಟ್ರಿಗೆ, "ನೋಡ್ರಿ ಸರ, ನನ್ನ ಹೊಟ್ಟ್ಯಾಗ ಹುಟ್ಟಿ ಯಾರ ಮಾತು ಆಡಾಕತ್ತಾಳ" ಅಂದಳಂತೆ.

ಮಾಷ್ಟ್ರು ಗುಡ್ಡೆ ಇಳಿದು ನೇರ ನನ್ನ ಜಗಲಿಗೆ ಬಂದರು. ತಲೆಯಿಂದ ನೀರು ಇಳಿಯುತ್ತಿತ್ತು.

"ಕೂಕಣಿ ಮಾಷ್ಟ್ರೇ. ಎಂತಾಯ್ತ್?"

"ಅಕ್ಕಾ, ಈ ವರ್ಷ ನಿಮ್ಮ ನೆಟ್ಟಿಗೆ ಯಾರು ಬತ್ರ್?"

ಗಾಯಕ್ಕೇ ಬೆರಳು ಇಟ್ಟರು. ನೆಡಬೇಕಾದ ಭತ್ತದ ಅಗೆ ಬೆಳೆದು ನಿಂತಿತ್ತು, ಕೀಳಲು ಒಬ್ಬಳೂ ಸಿಕ್ಕಿರಲಿಲ್ಲ. ಮೊದಲಿನ ನೆಟ್ಟಿಯ ಹೆಂಗಸರಲ್ಲಿ ಕೆಲವರು ಸತ್ತಿದ್ದರು, ಉಳಿದವರ ಸೊಂಟ ಸತ್ತಿತ್ತು. ಅವರ ಹೆಣ್ಣುಮಕ್ಕಳು ಫ್ಯಾಕ್ಟರಿಯಲ್ಲಿದ್ದರು.

"ನೀವ್ ಬತ್ರಾ ನೆಡುಕೆ?" ಅಂದೆ.

ಮಾಷ್ಟ್ರು ನನ್ನ ತಮ್ಮನ ಕೋಣೆಯ ಬಾಗಿಲು ನೋಡಿದರು. "ಆ ಕೋಣೆಯಲ್ಲಿ ನಿನ್ನೆ ರಾತ್ರಿ ಯಾರು ಮಲಗಿದ್ರು ಅಕ್ಕಾ?"

ನನಗೆ ಅರ್ಥವಾಯಿತು. ನಾನು ದಡ್ಡಿ ಅಲ್ಲ. ಆ ಕೋಣೆಗೆ ಪರರು ಕಾಲಿಟ್ಟದ್ದಿಲ್ಲ. ಅದು ಮೊದಲು ನನ್ನ ಅಮ್ಮನ ಕೋಣೆ, ನಾವೆಲ್ಲ ಹುಟ್ಟಿದ್ದು ಅಲ್ಲೇ. ಇತ್ತ ಅಗೆ ಹಳದಿಯಾಗುತ್ತಿತ್ತು, ಅತ್ತ ಸಂಕದ ಕೆಳಗೆ ನೀರು ಏರುತ್ತಿತ್ತು. ಎದ್ದು ಹೋಗಿ ಕತ್ತಿಯ ಹಿಂಬದಿಯಿಂದ ಬೀಗಕ್ಕೆ ಬಾರಿಸಿದೆ. ಬೀಗದ ಕೈ ತಮ್ಮನ ಹತ್ತಿರ ಬೊಂಬಾಯಿಯಲ್ಲಿತ್ತು. ಒಳಗೆ ಒಂದು ಮಂಚ, ಗೆದ್ದಲು ತಿಂದ ಹಾಸಿಗೆ, ಬಾವಲಿ ವಾಸನೆ. ಇಷ್ಟು ವರ್ಷ ನಾವು ಕಾದುಕೊಂಡು ಬಂದದ್ದು ಅದನ್ನು.

ಕೋರೆಯ ಹೆಂಗಸು ಮಕ್ಕಳ ಸಮೇತ ಬಂದು ಅಲ್ಲಿ ಗಂಟು ಬಿಚ್ಚಿದಳು. ಗಂಡ ಒಬ್ಬನೇ ಊರಿಗೆ ಹೋದ. ನಾನು ಧರ್ಮಕ್ಕೆ ಕೊಟ್ಟದ್ದಲ್ಲ, ಮೊದಲೇ ಹೇಳಿದೆ. ಅವಳಿಗೆ ನೆಟ್ಟಿ ಗೊತ್ತಿರಲಿಲ್ಲ. ಮೊದಲ ದಿನ ಕೆಸರಲ್ಲಿ ಎರಡು ಸಲ ಕೂತಳು.

"ಹೆಣ್ಣೇ, ಅದ್ ಜೋಳ ಅಲ್ಲ, ಅಷ್ಟ್ ಆಳಕ್ಕೆ ಹುಗೀಬೇಡ" ಅಂದರೆ, "ಯಮ್ಮಾ, ನಿಮ್ಮ ಭೂಮಿ ಏನ್ ಭೂಮಿನೋ, ನಿಂತ್ರ ನುಂಗತೈತಿ" ಅಂದಳು. ವಾರದಲ್ಲಿ ನನ್ನನ್ನು ಹಿಂದೆ ಹಾಕಿದಳು.

ತಮ್ಮನಿಗೆ ಸುದ್ದಿ ಮುಟ್ಟಿತು. ಫೋನಿನಲ್ಲಿ ಹಾರಾಡಿದ.

"ಅರೆ ಅಕ್ಕ, ನನ್ನ ಕೋಣೆಗೆ ಯಾರ್ಯಾರನ್ನೋ ಹೊಗ್ಸಿದ್ಯಂಬ್ರಲೆ! ಅದ್ ನನ್ನ್ ಮನೆ ಅಲ್ದಾ?"

"ನೀನ್ ನಿನ್ನೆ ರಾತ್ರಿ ಎಲ್ಲಿ ಮಲ್ಗಿದ್ದೆ?"

"ಎಂತ ಪ್ರಶ್ನೆ ಇದ್? ಬೊಂಬಾಯಂಗೆ."

"ಹಾಂಗಾರೆ ಅಲ್ಲಿ ಬೀಗ ಹಾಕ್ಕೋ. ನೀ ಬಂದ್ರೆ ಉಂಬುಕೆ ಹಾಕ್ತೆ, ಮಲ್ಗುಕೆ ಜಗಲಿ ಇತ್ತ್" ಅಂದು ಫೋನು ಇಟ್ಟೆ. ಇಟ್ಟ ಮೇಲೆ ನೋಡುತ್ತೇನೆ, ಮಾಷ್ಟ್ರ ಮಾತು ನನ್ನ ಬಾಯಲ್ಲಿ.

ನನ್ನ ಗದ್ದೆ ಹಸಿರಾದದ್ದನ್ನು ನೋಡಿ ಊರಿನ ಬೇರೆ ಮನೆಗಳಲ್ಲೂ ಬೀಗ ತೆಗೆದರು. ಧರ್ಮ ನೋಡಿ ಅಲ್ಲ, ಗದ್ದೆ ನೋಡಿ. ಆದರೂ ಮಕ್ಕಳು ಬಂದರು. ಇಲಾಖೆಯವರು ಜಡಿಮಳೆಯಲ್ಲಿ ಜೀಪಿನಿಂದ ಇಳಿದಾಗ ಬೆಂಚುಗಳು ತುಂಬಿದ್ದವು. ಅನ್ನ ಬಡಿಸಲು ಬಂದಿದ್ದೆ ಅಂತ ನೆಪ ಮಾಡಿ ನಾನೂ ಬಾಗಿಲಲ್ಲಿ ನಿಂತೆ. ಬಂದವರಿಗೆ ಅನುಮಾನ. ಆವತ್ತಿನ ಮಟ್ಟಿಗೆ ಎಲ್ಲಿಂದಲೋ ತಂದು ಕೂರಿಸಿದ ಮಕ್ಕಳು ಅಂತ. ಕೋರೆಯ ಹುಡುಗಿಯನ್ನು ಎಬ್ಬಿಸಿದರು.

"ನಿನ್ನ ಊರು ಯಾವುದಮ್ಮ?"

ಹುಡುಗಿ ಮಾಷ್ಟ್ರನ್ನು ನೋಡಿದಳು. ಮಾಷ್ಟ್ರು ಕಿಟಕಿಯಿಂದ ಹೊರಗೆ ಮಳೆ ನೋಡುತ್ತಿದ್ದರು. ಹೇಳಿಕೊಡುವ ಬುದ್ಧಿ ಅವರಿಗಿರಲಿಲ್ಲ.

"ಊರ್ ಯಾವ್ದ್ ಅಂದೇಳಿ ಗೊತ್ತಿಲ್ಲ ಸರ್" ಅಂದಳು ಹುಡುಗಿ. "ನಿನ್ನೆ ಇಲ್ಲೇ ಮಲ್ಗಿದ್ದೆ. ಇವತ್ತೂ ಇಲ್ಲೇ ಮಲ್ಗುದ್. ಹೊಳೆಯಾಚೆಗೆ ಹೋಯ್ಕ್ ಅಂದ್ರೆ ತಮ್ಮನ್ನ ಎತ್ಕಂಡ್ ಸಂಕ ದಾಂಟುಕೆ ನಂಗೆ ಹೆದ್ರಿಕೆ."

ಇಲಾಖೆಯ ಆ ಮನುಷ್ಯ ಹೊಳೆಯ ಬದಿಗೆ ಹೋಗಿ ಸಂಕ ನೋಡಿಕೊಂಡು ಬಂದರು. ಬಂದು ಊಟ ಮಾಡಿದರು. ಶಾಲೆ ಮುಚ್ಚಲಿಲ್ಲ. ಅವರು ಹೋದ ಮೇಲೆ ಮಾಷ್ಟ್ರು ನನ್ನಲ್ಲಿ ಆಡಿದ್ದು ಒಂದೇ ಮಾತು, "ಇನ್ನೊಂದು ಸೌಟು ಗಂಜಿ ಹಾಕಿ ಅಕ್ಕಾ."

ರಿಟೈರಾದ ಮೇಲೆ ಊರಿಗೆ ಹೋಗುತ್ತಾರೆ ಅಂದುಕೊಂಡಿದ್ದೆವು. ಶಾಲೆಯವರು ಹಾರ ಹಾಕಿ ಬಸ್ಸಿನವರೆಗೆ ಬಿಟ್ಟು ಬಂದರು. ಅಲ್ಲಿ ಒಂದು ಹಬ್ಬ ಮುಗಿಸಿ ಅದೇ ಬಸ್ಸಿನಲ್ಲಿ ಚೀಲ ಹಿಡಿದು ವಾಪಸ್ ಇಳಿದರು. "ಅಲ್ಲಿ ಎಲ್ಲರೂ ನೀ ಯಾವೂರವ ಅಂತ ಕೇಳ್ತಾರೆ ಅಕ್ಕಾ. ನನ್ನ ಮಾತು ಅವರಿಗೆ ನಗು" ಅಂದರು. ತಂಗಿಯ ಕೋಣೆಯ ಬೀಗವನ್ನೂ ಒಡೆದೆ. ಅಲ್ಲಿ ಉಳಿದರು. ಬೆಳಿಗ್ಗೆ ಜಗಲಿಯಲ್ಲಿ ಕೂತು ಕೋರೆಯ ಮಕ್ಕಳಿಗೆ ಮಗ್ಗಿ ಹೇಳಿಸುವುದು, ನನ್ನ ಕೋಳಿಗಳಿಗೆ ಬೈಯುವುದು. ನನ್ನ ಮೊಮ್ಮಗಳು ಈಗ ಮನೆಯಿಂದಲೇ ಬ್ರಹ್ಮಾವರದ ಕಾಲೇಜಿಗೆ ಹೋಗಿ ಬರುತ್ತಾಳೆ. ಕೋರೆಯ ಹುಡುಗಿ ಕುಂದಾಪುರದಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಳೆ, ಶನಿವಾರ ಬರುತ್ತಾಳೆ. ಅವಳ ತಾಯಿ ತಂದೆ, ತಮ್ಮ ಇನ್ನೂ ಆ ಕೋಣೆಯಲ್ಲೇ ಇದ್ದಾರೆ.

ಈ ಸಲ ಮತ್ತೆ ಮನೆಮನೆ ಎಣಿಸುವ ಸುದ್ದಿ ಬಂದಾಗ ಮಾಷ್ಟ್ರಿಗೆ ಮಕ್ಕಳ ಹಾಗೆ ಖುಷಿ. "ಈ ಸಲ ನಿಮ್ಮ ಮನೆ ಲೆಕ್ಕದಲ್ಲಿ ನಾನೂ ಬತ್ತೆ ಅಕ್ಕಾ, ನಾಯಿ ಬರಲಿ ಬಿಡಲಿ" ಅನ್ನುತ್ತಿದ್ದರು. ಹಳೆಯ ಜಗಳ ಅವರಿಗೆ ಮರೆತಿರಲಿಲ್ಲ.

ಎಣಿಸುವವಳು ಬಂದ ದಿನ ಬೆಳಿಗ್ಗೆ ಅವರು ಏಳಲಿಲ್ಲ. ಗಂಜಿ ಆರಿತು ಅಂತ ಕರೆದೆ. ಹೋಗಿ ನೋಡಿದರೆ ಅಂಗಾತ ಮಲಗಿದ್ದರು, ಶಾಲೆಯ ಅಂಗಳದ ಚೌಕದಲ್ಲಿ ಮಲಗಿದ್ದರಲ್ಲ, ಹಾಗೆಯೇ. ಬೆನ್ನು ಕೊಡವಿಕೊಂಡು ಏಳಲಿಲ್ಲ. ಅಂಗಳದಲ್ಲಿ ಜನ ಸೇರಿದ ಹೊತ್ತಿಗೆ ಎಣಿಸಲು ಬಂದ ಶಾಲೆಯ ಹೊಸ ಟೀಚರು ಮೊಬೈಲು ಹಿಡಿದು ಗೇಟಿನಲ್ಲಿ ನಿಂತಿದ್ದಳು. ಸಣ್ಣ ಪ್ರಾಯ, ಗಾಬರಿಯಾಗಿದ್ದಳು. "ನಾಳೆ ಬಾ ಮಗಾ" ಅಂದೆ. ಸಂಜೆಗೆ ಮಾಷ್ಟ್ರ ಅಣ್ಣನ ಮಗ ಊರಿಂದ ಗಾಡಿ ತಂದ. ನಮ್ಮವರ ಮಣ್ಣು ನಮ್ಮ ಊರಲ್ಲೇ ಆಗಬೇಕು ಅಂದ. ಕೆಲವರು ವಾದ ಮಾಡಲು ಹೊರಟರು. ನಾನು ಸುಮ್ಮನಿರಿಸಿದೆ. ಹೆಣದ ಮುಂದೆ ಜಗಳ ನನಗಾಗದು. ಚಪ್ಪಲಿಯನ್ನು ಗಾಡಿಯಲ್ಲಿ ಇಡಲು ಹೋದೆ, ಹಳೆಯದು ಯಾಕೆ ಅಂದ ಹುಡುಗ. ವಾಪಸ್ ತಂದೆ.

ಮರುದಿನ ಬೆಳಿಗ್ಗೆ ಟೀಚರು ಬಂದಳು. ಜಗಲಿಯಲ್ಲಿ, ಮಾಷ್ಟ್ರು ಕೂರುತ್ತಿದ್ದ ಕಡೆಯೇ ಕೂತಳು. "ಮನೆಯಲ್ಲಿ ಯಾರ್ಯಾರು ಇದ್ದೀರಿ ಅಜ್ಜಿ?" ಅಂತ ಕೇಳಿದಳು. ಮಗಳನ್ನು ಹೇಳಿದೆ, ಮೊಮ್ಮಗಳನ್ನು ಹೇಳಿದೆ, ಕೋರೆಯವರನ್ನು ಬೇರೆ ಒಲೆ ಅಂತ ಬೇರೆಯಾಗಿ ಬರೆಸಿದೆ. ತಮ್ಮನ ಹೆಸರು ಎತ್ತಲಿಲ್ಲ. ಟೀಚರು ಮಾಷ್ಟ್ರ ಕೋಣೆಯ ಬದಿಗೆ ನೋಡಿ, ಕೇಳಲೋ ಬೇಡವೋ ಅಂತ ನನ್ನ ಮುಖ ನೋಡಿದಳು. ಹಿಂದಿನ ದಿನವೇ ಬರೆಸಿದ್ದರೆ, ರಾತ್ರಿ ಇಲ್ಲಿ ಮಲಗಿದವರು ಅಂತ ಅವರೂ ಲೆಕ್ಕಕ್ಕೆ ಬರುತ್ತಿದ್ದರು.

"ನಿನ್ನೆ ರಾತ್ರಿ ಇಲ್ಲಿ ಮಲ್ಗಿದವ್ರ್ ಇಷ್ಟೇ ಜನ, ಮಗಾ" ಅಂದೆ.

ಅವಳಿಗೆ ಮಜ್ಜಿಗೆ ಕೊಟ್ಟು ಕಳಿಸಿದೆ. ಆಮೇಲೆ ಮಾಷ್ಟ್ರ ಕೋಣೆ ಗುಡಿಸಿದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಚಪ್ಪಲಿಗೆ ಎಣ್ಣೆ ಸವರಿ ಮಾಡಿನ ಕೆಳಗೆ ಮಳೆ ತಾಗದ ಕಡೆ ಸಿಕ್ಕಿಸಿದೆ. ಕೋರೆಗೆ ಹೊಸದಾಗಿ ಬಂದ ಬಸುರಿ ಹೆಂಗಸೊಬ್ಬಳು ತಗಡಿನ ಶೆಡ್ಡಿನಲ್ಲಿದ್ದಾಳೆ ಅಂತ ಕೇಳಿದ್ದೆ. ಗುಡ್ಡೆ ಹತ್ತಿ ಅವಳನ್ನು ಕರೆದುಕೊಂಡು ಬಂದೆ.